ಹೆಸರಿಲ್ಲದ ಸಾಹುಕಾರರ ಜಾಗ

ನಿನ್ನೆ ಇಲ್ಲದ ಹಗ್ಗ ಇವತ್ತು ಕಂಡರೆ ನನಗೆ ಮೊದಲು ಬರುವುದು ಸಂಶಯ. ಕಟ್ಟಿದವನು ಯಾರು, ಕಟ್ಟು ಅಂತ ಹೇಳಿದವನು ಯಾರು ಎಂದು ಕೇಳದೆ ಹಗ್ಗದ ಆಚೆ ಕಾಲಿಡುವವಳಲ್ಲ ನಾನು.

ಹುಬ್ಬಳ್ಳಿಯ ಬಟ್ಟೆ ಬಜಾರದ ಹಿಂದೆ ಒಂದು ಖಾಲಿ ಜಾಗವಿತ್ತು. ಹಳೆಯ ಗೋದಾಮು ಬಿದ್ದುಹೋದ ಮೇಲೆ ಅಲ್ಲಿ ಉಳಿದದ್ದು ಒಂದು ಬೇವಿನ ಗಿಡ, ಅದರ ನೆರಳಿನಲ್ಲಿ ವೀಳ್ಯದೆಲೆ ಮಾರುವ ಒಬ್ಬ ಮುದುಕಿ, ಮತ್ತೆ ಬಜಾರಕ್ಕೆ ಬಂದವರ ಗಾಡಿಗಳು. ತೊಂಬತ್ತರ ದಶಕದ ಕೊನೆಯ ಕಾಲ. ನನ್ನ ಮೊಪೆಡ್ಡನ್ನೂ ಅಲ್ಲೇ ನಿಲ್ಲಿಸುತ್ತಿದ್ದೆ. ಯಾರೂ ಏನೂ ಕೇಳುತ್ತಿರಲಿಲ್ಲ.

ನನ್ನ ಮೊಪೆಡ್ಡು ಅಂದೆನಲ್ಲ, ಕಾಗದದ ಪ್ರಕಾರ ಅದು ನಮ್ಮ ಯಜಮಾನರದು. ಕಾಳುಕಡಿ ವ್ಯಾಪಾರಕ್ಕೆ ಓಡಾಡಲು ಕೊಂಡಿದ್ದರು. ಎರಡು ಸಲ ಕೆಸರಿನಲ್ಲಿ ಜಾರಿ ಬಿದ್ದು, "ಇದು ನನಗ ಒಗ್ಗೂದಿಲ್ಲ" ಎಂದು ಬಸ್ಸು ಹಿಡಿದರು. ನಾನು ಬೈರಿದೇವರಕೊಪ್ಪದ ನಮ್ಮ ಮನೆಯ ಸುತ್ತ ಇನ್ನೂ ಮನೆಗಳಾಗದ ಪ್ಲಾಟುಗಳ ನಡುವೆ ಸೆರಗು ಸಿಕ್ಕಿಸಿಕೊಂಡು ಗಾಡಿ ಕಲಿತೆ. ಆಮೇಲೆ ಧಾರವಾಡದ ಸಪ್ತಾಪುರದಲ್ಲಿದ್ದ ಅಕ್ಕನ ಮನೆಗೂ ಯಾರ ಕಾಲೂ ಹಿಡಿಯದೆ ಹೋಗಿ ಬರುವಂತಾಯಿತು. ಯಜಮಾನರು ಚಾವಿ ಕೊಟ್ಟದ್ದು ಒಂದೇ ಕರಾರಿನ ಮೇಲೆ.

"ಹೆಣಮಗಳು ಗಾಡಿ ಹೊಡಿತಾಳಂತ ಮಂದಿ ಮೊದಲs ಮಾತಾಡ್ತಾರ. ಬಜಾರದ ಜಗಳಾ ಒಂದ ಸಲ ಮನಿತನಕಾ ಬಂತಂದ್ರ, ಚಾವಿ ನನ್ನ ಕಿಸೆಕ್ಕ."

ನಾನು ಹೂಂ ಅಂದಿದ್ದೆ. ಮನೆತನಕ ಬರಬಾರದು ಅಂದರು, ಬಜಾರದಲ್ಲಿ ಆಗಬಾರದು ಅನ್ನಲಿಲ್ಲ ಎಂಬುದನ್ನೂ ಗಮನಿಸಿಟ್ಟುಕೊಂಡಿದ್ದೆ.

ನಮ್ಮ ನಾದಿನಿಯ ಮಗಳ ಕುಬುಸ, ಅಂದರೆ ಸೀಮಂತ, ಹತ್ತಿರ ಬಂದಿತ್ತು. ಅದಕ್ಕೆ ಖಣದ ಬಟ್ಟೆ ತರಲು ಹೋದರೆ ಆ ಖಾಲಿ ಜಾಗಕ್ಕೆ ಹಗ್ಗ! ಎರಡು ಕಂಬ ನೆಟ್ಟು ಕಟ್ಟಿದ್ದರು. ಬಾಯಲ್ಲಿ ಸೀಟಿ, ಕೈಯಲ್ಲಿ ಚೀಟಿಯ ಕಟ್ಟು ಹಿಡಿದು ಮೀಸೆಯ ಮನುಷ್ಯನೊಬ್ಬ ನಿಂತಿದ್ದ. ಮೇಲೆ ಖಾಕಿ ಅಂಗಿ, ಕೆಳಗೆ ಪಟ್ಟೆಪಟ್ಟೆಯ ಪೈಜಾಮ, ಕಾಲಲ್ಲಿ ಹವಾಯಿ ಚಪ್ಪಲಿ. ಅರ್ಧ ಸರ್ಕಾರ, ಅರ್ಧ ಹಾಸಿಗೆಯಿಂದ ಎದ್ದು ಬಂದವನು.

"ಅಕ್ಕಾರ, ಎರಡ ರೂಪಾಯಿ."

"ಯಾತಕ್ಕಪಾ?"

"ಗಾಡಿ ನಿಂದ್ರಸಾಕ್ರಿ. ಜಾಗಾ ಖಾಸಗಿ ಐತಿ."

"ಯಾರದು?"

"ಸಾಹುಕಾರ್ರದು."

"ಯಾವ ಸಾಹುಕಾರ್ರು?"

"ಸಾಹುಕಾರ್ರು ಅಂದ್ರ ಸಾಹುಕಾರ್ರು, ಅಕ್ಕಾರ. ಮತ್ತ ಯಾವ?"

ಚೀಟಿ ಇಸಿದುಕೊಂಡು ತಿರುವಿ ನೋಡಿದೆ. ಮುಂದೆ 'ವಾಹನ ನಿಲುಗಡೆ' ಅಂತ ಇತ್ತು. ಹಿಂದೆ ಏನೂ ಇಲ್ಲ. ಹೆಸರಿಲ್ಲ, ವಿಳಾಸವಿಲ್ಲ, ಸಿಕ್ಕಾ ಇಲ್ಲ. ಇಂಥ ಚೀಟಿಯನ್ನು ನಮ್ಮ ಓಣಿಯ ಮಕ್ಕಳು ಅಂಗಡಿ ಆಟ ಆಡುವಾಗಲೂ ಒಪ್ಪುವುದಿಲ್ಲ. ವಾಪಸು ಕೊಟ್ಟೆ.

"ಸಾಹುಕಾರ್ರು ಬಂದು ಕೇಳ್ಲಿ, ಅವರ ಕೈಯಾಗ ಕೊಡ್ತೇನಿ" ಎಂದು ಗಾಡಿಯನ್ನು ಬೇವಿನ ಗಿಡದ ಕೆಳಗೆ ನಿಲ್ಲಿಸಿ ಹೋದೆ.

ಅವನು ತಡೆಯಲಿಲ್ಲ. ಅದೇ ನನಗೆ ಸರಿ ಕಾಣಲಿಲ್ಲ. ಖಣ ಆರಿಸುವಾಗಲೂ ಒಂದು ಕಣ್ಣು ಬೀದಿಯ ಕಡೆಗೇ ಇತ್ತು. ಅಂಗಡಿಯವರು, "ಯಾಕ್ರೀ ಬಾಯಾರ, ಬಣ್ಣ ಮನಸಿಗೆ ಬರವಲ್ದೇನು?" ಎಂದು ಕೇಳಿದರು. ಬಣ್ಣ ಮನಸ್ಸಿಗೆ ಬಂದಿತ್ತು. ಆ ಮೀಸೆ ಬಂದಿರಲಿಲ್ಲ.

ವಾಪಸು ಬಂದು ನೋಡುತ್ತೇನೆ, ನನ್ನ ಗಾಡಿಯ ಮುಂದಿನ ಗಾಲಿಗೆ ಸರಪಳಿ! ಬೇವಿನ ಗಿಡಕ್ಕೆ ಬಿಗಿದು ಕೀಲಿ ಹಾಕಿದ್ದ. ಆಕಳು ಕಟ್ಟಿದ ಹಾಗೆ.

"ಬಿಚ್ಚು" ಅಂದೆ.

"ಚೀಟಿ ತೋರಸ್ರಿ."

"ಚೀಟಿ ನಾ ತೊಗೊಂಡೇ ಇಲ್ಲಲ್ಲ."

"ಚೀಟಿ ಇಲ್ಲದ ಗಾಡಿ ಯಾರದಂತ ತಿಳೀಲ್ರಿ? ನಾಳೆ ಖರೇ ಮಾಲಕರು ಬಂದು ಗಾಡಿ ಎಲ್ಲಿ ಅಂದ್ರ ನಾ ಏನ ಹೇಳ್ಲಿ?"

ನೋಡಿ, ನಾನು ಅವನನ್ನು ಕಳ್ಳ ಅಂದುಕೊಂಡಿದ್ದೆ, ಅವನು ನನ್ನನ್ನೇ ಕಳ್ಳಿ ಮಾಡಿ ನಿಲ್ಲಿಸಿದ! ಸುತ್ತ ನಾಲ್ಕು ಮಂದಿ ಕೂಡಿದರು. ನನಗೆ ಮನೆಯ ನೆನಪಾಯಿತು. ಯಜಮಾನರ ವ್ಯಾಪಾರದ ಗೆಳೆಯರು ಬಜಾರದ ತುಂಬ ಇದ್ದರು. ಇನ್ನೊಂದು ಸ್ವಲ್ಪ ತಡವಾದರೆ ನನಗಿಂತ ಮೊದಲು ಸುದ್ದಿಯೇ ಮನೆ ಸೇರುತ್ತದೆ, ಚಾವಿ ಹೋಗುತ್ತದೆ. ಗಾಡಿಯ ಡಬ್ಬಿ ತೆಗೆದು ವಿಮೆಯ ಕಾಗದ ಕೊಟ್ಟೆ.

"ಓದು. ನಮ್ಮ ಯಜಮಾನ್ರ ಹೆಸರಿಲೆ ಐತಿ."

ಅವನು ಕಾಗದ ಓದಿ, ಹೆಸರಿನ ಮೇಲೆ ಹೆಬ್ಬೆರಳು ಇಟ್ಟು ಮುಚ್ಚಿದ. ಮೀಸೆಯ ಕೆಳಗೆ ನಗೆ.

"ಹಂಗಾದ್ರ ಹೆಸರು ಹೇಳ್ರಿ. ಹೊಂದ್ತಂದ್ರ ಬಿಡ್ತೇನಿ."

ಇದು ಬೇಕೆಂದೇ ಮಾಡಿದ ಕಿತಾಪತಿ. ಅವನೂ ನಮ್ಮ ಸೀಮೆಯವನೇ ಎಂದು ಮಾತಿನಲ್ಲೇ ತಿಳಿದಿತ್ತು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ ಎಂಬುದು ಅವನಿಗೆ ಗೊತ್ತಿಲ್ಲದ್ದಲ್ಲ. ಮದುವೆಯಾದಾಗಿನಿಂದ ನಾನು 'ಇವರು', 'ಅವರು', 'ಮನಿಯವರು' ಎನ್ನುತ್ತಲೇ ಬಂದವಳು. ರೇಷನ್ ಅಂಗಡಿಯಲ್ಲೂ ಹೆಸರು ಕೇಳಿದರೆ ಪಕ್ಕದವರ ಕಡೆ ನೋಡುತ್ತಿದ್ದೆ.

"ಗಾಡಿ ಇವರದಲ್ಲ ಅಂತ ಕಾಣ್ತದ" ಎಂದು ಹಿಂದೆ ಯಾರೋ ಗೊಣಗಿದರು.

ಎಲೆ ಮಾರುವ ಮುದುಕಿ ಕೂತಲ್ಲಿಂದಲೇ ದನಿ ತೆಗೆದಳು. "ಏ ಮೀಸಿ, ಗರತಿಗೆ ಗಂಡನ ಹೆಸರು ಹಂಗ ಕೇಳ್ತಾರೇನೋ? ಯವ್ವಾ, ನೀ ಒಂದು ಒಡಪು ಹಾಕಿ ಹೇಳಿಬಿಡು. ಅದಕ್ಕೇನು ಪಾಪ ಇಲ್ಲ."

ಖರೇ ಮಾತು. ಹೊಸ ಮದುಮಗಳು ಹೊಸ್ತಿಲು ದಾಟುವಾಗ, ಕುಬುಸದ ಆರತಿಯ ಹೊತ್ತಿನಲ್ಲಿ, ಪ್ರಾಸ ಕಟ್ಟಿದ ಒಡಪಿನೊಳಗೆ ಗಂಡನ ಹೆಸರು ಸೇರಿಸಿ ಹೇಳುತ್ತಾರೆ. ಬಜಾರದ ನಡುವೆ, ಗಾಲಿಗೆ ಹಾಕಿದ ಸರಪಳಿ ಬಿಡಿಸಲು ಯಾರಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ಹೇಳುವುದೇ ಆದರೂ ಪುಕ್ಕಟೆ ಹೇಳಲು ಮನಸ್ಸು ಬರಲಿಲ್ಲ.

"ಹೇಳ್ತೇನಿ. ಆದ್ರ ನಾ ನಮ್ಮ ಯಜಮಾನ್ರ ಹೆಸರು ಹೇಳಿದ ಮ್ಯಾಲೆ, ನೀ ನಿಮ್ಮ ಸಾಹುಕಾರ್ರ ಹೆಸರು ಹೇಳಬೇಕು. ಆಗೂದಾ?"

"ಆತ್ರಿ" ಅಂದ. ನಾನು ಬಾಯಿ ಬಿಡುವುದಿಲ್ಲ ಎಂದು ಅವನಿಗೆ ಅಷ್ಟು ನಂಬಿಕೆ.

ಸೆರಗು ತಲೆಯ ಮೇಲೆ ಎಳೆದುಕೊಂಡು ದೊಡ್ಡ ದನಿಯಲ್ಲೇ ಹೇಳಿದೆ:

"ಕಂಬಕ್ಕ ಹಗ್ಗ, ಗಾಲಿಗಿ ಸರಪಳಿ,
ಕಾಯಾಂವಗ ಖಾಕಿ ಅಂಗಿ, ಕಾಲಾಗ ಹವಾಯಿ ಚಪ್ಪಲಿ,
ಗಾಡಿ ಯಾರದಂತ ಕೇಳ್ಯಾನ ನಡು ಬಜಾರದಾಗ,
ಇಂಥವರದು ಅಂತ ಹೇಳೇನಿ ನಾಕು ಮಂದ್ಯಾಗ."

'ಇಂಥವರದು' ಅಂತ ಬರೆದ ಕಡೆ ಅವತ್ತು ಪೂರಾ ಹೆಸರು ಹೇಳಿದ್ದೆ, ಮನೆತನದ ಹೆಸರೂ ಸೇರಿಸಿ. ಈಗ ಇದನ್ನು ಫೋನಿನಲ್ಲಿ ಬರೆಯುವಾಗ ಆ ಹೆಸರು ಒತ್ತಲು ಬೆರಳು ಒಪ್ಪುವುದಿಲ್ಲ. ಬಾಯಲ್ಲಿ ಹೇಳಿದ್ದೇ ಸಾಕು.

ಮಂದಿ ಹೋ ಅಂತ ನಕ್ಕರು. ಮೀಸೆಯವನು ಹೆಬ್ಬೆರಳು ತೆಗೆದು ನೋಡಿದ. ಹೆಸರು ಹೊಂದಿತ್ತು.

"ಈಗ ನಿಂದು" ಅಂದೆ. "ಜಾಗಾ ಯಾರದು?"

ಅವನು ಸೀಟಿಯನ್ನು ಬಾಯಿಗಿಟ್ಟ, ತೆಗೆದ. ಕಂಬ ನೋಡಿದ.

"ಅದು... ಸಾಹುಕಾರ್ರ ಹೆಸರು ನಾ ಹೆಂಗ ಹೇಳ್ಲಿ, ಅಕ್ಕಾರ?"

"ಯಾಕೋ?" ಎಂದಳು ಮುದುಕಿ. "ಸಾಹುಕಾರ್ರೇನು ನಿನ್ನ ಗಂಡನೇನು?"

ಆ ನಗೆಯಲ್ಲಿ ಹಗ್ಗದ ಕಂಬವೂ ಅಲ್ಲಾಡಿತು. ಚೀಟಿ ಹರಿಸಿಕೊಂಡು ದುಡ್ಡು ಕೊಟ್ಟಿದ್ದ ಇಬ್ಬರು ಮುಂದೆ ಬಂದರು. "ಹೌದಲ್ಲ, ಹೇಳಪಾ, ಯಾರು?" ಅವರಿಗೂ ಅಲ್ಲಿಯತನಕ ಆ ಪ್ರಶ್ನೆ ಹೊಳೆದಿರಲಿಲ್ಲ. ಅವನು ಬಗ್ಗಿ ಸರಪಳಿ ಬಿಚ್ಚಿದ. ನಾನು ಎರಡು ರೂಪಾಯಿಯನ್ನು ಅವನ ಕಣ್ಣಿಗೆ ಕಾಣುವಂತೆ ಹಿಡಿದು, "ಸಾಹುಕಾರ್ರು ಸಿಕ್ಕ ದಿನಾ ಕೊಡ್ತೇನಿ" ಎಂದು ಮತ್ತೆ ಚೀಲಕ್ಕೆ ಹಾಕಿಕೊಂಡೆ. ಮುಂದೆ ಎಷ್ಟೋ ದಿನ ಆ ಹಗ್ಗ ಅಲ್ಲೇ ಇತ್ತು, ಕಾಯುವವನು ಮಾತ್ರ ಬದಲಾಗಿದ್ದ. ಆ ಜಾಗ ಯಾರದೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಮನೆಗೆ ಬಂದರೆ ಯಜಮಾನರು ಗೇಟಿನಲ್ಲೇ ನಿಂತಿದ್ದರು. ಕೈ ಚಾಚಿದ್ದರು.

"ಬಜಾರದಾಗ ನನ್ನ ಹೆಸರು ಸವಾಲಿಗೆ ಇಟ್ಟಿದ್ದೆಂತಲ್ಲ. ಚಾವಿ ಕೊಡು."

"ಯಾರ ಹೇಳಿದ್ರು ನಿಮಗ?"

"ಹೇಳಾವ್ರು ಹೇಳಿದ್ರು. ಫೋನ್ ಬಂದಿತ್ತು."

"ಕರಾರಿನ್ಯಾಗ ಜಗಳಾ ಮನಿತನಕಾ ಬರಬಾರದು ಅಂತಿತ್ತು. ಜಗಳಾ ಅಲ್ಲೇ ಮುಗದೈತಿ. ಮನಿಗೆ ಬಂದದ್ದು ಬರೇ ಸುದ್ದಿ."

ಅವರು ನಗಲಿಲ್ಲ. ಕೈಯನ್ನೂ ಹಿಂದೆ ತೆಗೆಯಲಿಲ್ಲ. ಬೇರೆ ಕಡೆ ನೋಡುತ್ತ ಕೇಳಿದರು.

"ಒಡಪು ಏನಂತ ಹಾಕಿದಿ?"

"ಚಾವಿ ನನ್ನ ಕಡೆನs ಇರ್ತದ ಅಂದ್ರ ಹೇಳ್ತೇನಿ."

"ಇರ್ಲಿ."

ಅಷ್ಟು ಸಲೀಸಾಗಿ 'ಇರ್ಲಿ' ಅಂದದ್ದಕ್ಕೇ ನನಗೆ ಗುಮಾನಿ ಬಂತು. ಒಳಗಿಂದ ವಿಭೂತಿ ಗಟ್ಟಿ ತಂದು ಮುಂದೆ ಹಿಡಿದು, "ಮುಟ್ಟಿ ಹೇಳ್ರಿ" ಅಂದೆ. ಮುಟ್ಟಿದರು. ಆಮೇಲೆ ಅಲ್ಲೇ ಗೇಟಿನ ಹತ್ತಿರ, ಓಣಿಯಲ್ಲಿ ಯಾರೂ ಇಲ್ಲ ಎಂದು ನೋಡಿಕೊಂಡು, ಒಡಪು ಪೂರಾ ಹೇಳಿದೆ. ಅವರ ಎದುರಿಗೆ ಅವರ ಹೆಸರು ಹೇಳಿದ್ದು ಮದುವೆಯ ಹೊಸ್ತಿಲು ಬಿಟ್ಟರೆ ಅದೇ.

ಅವರ ಕಿವಿಗಳು ಕೆಂಪಾಗಿದ್ದವು. "ಚಪ್ಪಲಿ ಆದಮ್ಯಾಲೆ ನನ್ನ ಹೆಸರು ತಂದೀಯಲ್ಲ" ಎಂದು ಗೊಣಗಿ, ಗಾಡಿಗೆ ಗೇಟು ತೆರೆದುಕೊಟ್ಟರು. ನಾನು ಗಾಡಿ ಒಳಗೆ ನಿಲ್ಲಿಸಿ, ಚಾವಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.