ದ್ವೀಪದಿಂದ ಬಂದ ಒಂದು ಮಾತು

ಕೋಲಾರದ ನ್ಯಾಯಾಲಯದಲ್ಲಿ ನಾನು ದುಭಾಷಿ. ಮನೆ ಮಾಲೂರಿನಲ್ಲಿ. ಇಟ್ಟಿಗೆ ಗೂಡುಗಳ ಹೊಗೆ ಇನ್ನೂ ನೆಲಕ್ಕೆ ಅಂಟಿಕೊಂಡಿರುವಾಗಲೇ ಬೆಳಗಿನ ರೈಲು ಹಿಡಿಯುತ್ತೇನೆ. ನಮ್ಮ ನ್ಯಾಯಾಧೀಶರಿಗೆ ಫ್ರೆಂಚ್ ಬಿಟ್ಟರೆ ಬೇರೆ ಭಾಷೆ ಬರುವುದಿಲ್ಲ. ಅವರೆದುರು ನಿಲ್ಲುವ ಹಳ್ಳಿಯವರಿಗೆ ಫ್ರೆಂಚ್ ಬರುವುದಿಲ್ಲ. ನಡುವೆ ನಿಂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವುದು ನನ್ನ ಕೆಲಸ. ಮುಳಬಾಗಿಲ ಕಡೆಯವಳಾದ್ದರಿಂದ ಕನ್ನಡ, ತೆಲುಗು ಎರಡೂ ಮನೆಯಲ್ಲೇ ಬಂದವು. ಫ್ರೆಂಚನ್ನು ಮಾತ್ರ ಶಾಲೆಯಲ್ಲಿ ಬೆತ್ತ ಹಿಡಿದು ಕಲಿಸಿದರು.

ನಮ್ಮ ಮುತ್ತಾತಂದಿರಿಗೂ ಹಿಂದಿನವರ ಕಾಲದಲ್ಲಿ ಈ ಸೀಮೆಗಾಗಿ ಇಂಗ್ಲಿಷರೂ ಫ್ರೆಂಚರೂ ಹೊಡೆದಾಡಿದರು. ಇಂಗ್ಲಿಷರು ಸೋತು ಮದ್ರಾಸಿನಲ್ಲಿ ಹಡಗು ಹತ್ತಿ ಹೋದರು. ಫ್ರೆಂಚರು ಉಳಿದರು. ಇವತ್ತಿಗೂ ಇದ್ದಾರೆ. ಮೊಬೈಲ್ ಬಂತು, ಹೆದ್ದಾರಿ ಬಂತು, ಅವರು ಮಾತ್ರ ಹೋಗಲಿಲ್ಲ. ಬಿಳಿಯ ಅಧಿಕಾರಿಗಳನ್ನು ನಮ್ಮ ಜನ ಈಗಲೂ ‘ಮೊಸ್ಯೂ’ ಅನ್ನಲು ಬಾರದೆ ‘ಮುಸೆ’ ಅಂತಲೇ ಕರೆಯುತ್ತಾರೆ. ಮುಳಬಾಗಿಲ ಬಸ್ ನಿಲ್ದಾಣದಲ್ಲಿ ಮುದುಕರು ಟೀ ಕುಡಿಯುತ್ತಾ ಆಡುವ ಮಾತೊಂದಿದೆ: “ಆ ಇಂಗ್ಲಿಷ್ನೋರು ಗೆದ್ದಿದ್ರೆ ಇಷ್ಟೊತ್ತಿಗೆ ಬಿಟ್ಟು ಹೋಗಿರೋರು ಕಣೋ.” ನಮ್ಮ ತಂದೆ ಅದನ್ನು ನಂಬುತ್ತಿರಲಿಲ್ಲ. “ಯಾರು ಗೆದ್ದಿದ್ರೂ ನಾವು ಹೊರಗಡೆ ಜಗಲೀಲೇ ಕೂತಿರ್ತಿದ್ವಿ” ಅನ್ನುತ್ತಿದ್ದರು.

ಫ್ರೆಂಚರಿಗೆ ಸಮುದ್ರದಾಚೆ ಒಂದು ದ್ವೀಪವಿದೆ. ಅಲ್ಲೆಲ್ಲ ಕಬ್ಬು. ಪ್ರತಿ ವರ್ಷ ರಾಗಿ ಕೊಯ್ಲು ಮುಗಿದ ಮೇಲೆ ಅಲ್ಲಿಗೆ ಆಳು ಕರೆದೊಯ್ಯುವ ವ್ಯಾನು ನಮ್ಮ ಹಳ್ಳಿಗಳಿಗೆ ಬರುತ್ತದೆ. ಐದು ವರ್ಷದ ಕರಾರು. ಅಲ್ಲಿನ ಬಂದರಿನಲ್ಲಿ ಇಳಿದ ಕೂಡಲೇ ಒಂದು ಫ್ರೆಂಚ್ ಹೆಸರು ಇಡುತ್ತಾರೆ, ನಮ್ಮ ಹೆಸರುಗಳು ಅವರ ನಾಲಿಗೆಗೆ ಹೊರಳುವುದಿಲ್ಲವೆಂದು. ಕೆಲವರು ವಾಪಸು ಬರುತ್ತಾರೆ. ಬಾರದವರ ವಿಷಯ ಕೇಳಿಕೊಂಡು ಮನೆಯವರು ನಮ್ಮ ನ್ಯಾಯಾಲಯಕ್ಕೆ ಬರುತ್ತಾರೆ.

ಹಾಗೆ ಬಂದವಳು ಬೈರಕೂರು ಕಡೆಯ ಆ ಹೆಂಗಸು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು; ನಾನು ಅಕ್ಕ ಅನ್ನುತ್ತಿದ್ದೆ. ಮದುವೆಯಾದ ಮೂರನೇ ವರ್ಷ ಗಂಡ ದ್ವೀಪಕ್ಕೆ ಹೋಗಿದ್ದ. ಮಕ್ಕಳಿರಲಿಲ್ಲ. ಮೊದಮೊದಲು ಊರಿನ ಯಾರದೋ ಫೋನಿಗೆ ಕರೆ ಮಾಡುತ್ತಿದ್ದನಂತೆ. ಆಮೇಲೆ ಅದೂ ನಿಂತಿತು. ಕರಾರು ಮುಗಿದ ಮೇಲೂ ಹತ್ತು ವರ್ಷ ಕಳೆದಿತ್ತು. ಅವನ ಪಾಲಿನ ಮಾವಿನ ತೋಪನ್ನು ಅವಳೇ ನೋಡಿಕೊಳ್ಳುತ್ತಿದ್ದಳು.

ಮೊದಲ ದಿನ ನ್ಯಾಯಾಧೀಶರು ಗಂಡನ ಹೆಸರು ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ. ಅವಳು ತಲೆ ತಗ್ಗಿಸಿದಳು. ಗಂಡನ ಹೆಸರನ್ನು ಅವಳು ಯಾವತ್ತೂ ಬಾಯಲ್ಲಿ ಆಡಿದವಳಲ್ಲ. ನ್ಯಾಯಾಧೀಶರು ಬೆರಳಿನಿಂದ ಮೇಜು ಕುಟ್ಟಿದರು. “ಇವಳಿಗೆ ಗಂಡನ ಹೆಸರೂ ಗೊತ್ತಿಲ್ಲವೇ?” ಎಂದರು. ಅದನ್ನು ನಾನು ಅವಳಿಗೆ ದಾಟಿಸಲಿಲ್ಲ. ಹತ್ತಿರ ಹೋಗಿ, “ಅಕ್ಕ, ನನ್ನ ಕಿವೀಲಿ ಹೇಳಿ” ಅಂದೆ. ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹೇಳಿದಳು. ಪರರ ಗಂಡನ ಹೆಸರನ್ನು ನಾನು ಗಟ್ಟಿಯಾಗಿ ಕೂಗಿದೆ. ಗುಮಾಸ್ತ ಗಣಕಯಂತ್ರದಲ್ಲಿ ಹುಡುಕಿ, ದ್ವೀಪದಲ್ಲಿ ಆ ಹೆಸರಿನವರು ಯಾರೂ ಇಲ್ಲವೆಂದ. ಅಲ್ಲಿ ಇಟ್ಟ ಹೆಸರು ಅವಳಿಗೆ ತಿಳಿಯದು. ಅದು ಗೊತ್ತಿಲ್ಲದೆ ಹುಡುಕಲಾಗದು. ಅರ್ಜಿ ಮುಂದಕ್ಕೆ ಹೋಯಿತು.

ಆಮೇಲೆ ಅವಳು ಬರುತ್ತಲೇ ಇದ್ದಳು. ವಾಯಿದೆ ಇದ್ದಾಗಲೂ ಬಂದಳು, ಇಲ್ಲದಾಗಲೂ ಬಂದಳು. ಮಧ್ಯಾಹ್ನ ಹುಣಸೆ ಮರದ ಕೆಳಗೆ ಇಬ್ಬರೂ ಬುತ್ತಿ ಬಿಚ್ಚುತ್ತಿದ್ದೆವು. ಗಂಡನ ಬಗ್ಗೆ ಹೆಚ್ಚು ಹೇಳುತ್ತಿರಲಿಲ್ಲ. ಹೇಳಲು ಅವಳ ಹತ್ತಿರ ಇದ್ದದ್ದೂ ಕಡಿಮೆ. “ಮೂರು ವರ್ಷದ ಸಂಸಾರ ಕಣಮ್ಮ. ಅದ್ರಲ್ಲಿ ಜಗಳ ಆಡಿದ್ದೇ ಜಾಸ್ತಿ” ಎಂದು ಒಮ್ಮೆ ನಕ್ಕಳು. ಇನ್ನೊಮ್ಮೆ, “ಆಯಪ್ಪ ಕಸಿ ಕಟ್ಟಿದ್ರೆ ಯಾವ ಮಾವಿನ ಗಿಡಾನೂ ಒಣಗ್ತಿರ್ಲಿಲ್ಲ” ಎಂದಳು.

ನಮ್ಮ ಕಚೇರಿಯಲ್ಲಿ ಆಗ ಆ ದ್ವೀಪದಿಂದ ವರ್ಗವಾಗಿ ಬಂದ ಹುಡುಗಿಯೊಬ್ಬಳು ಕೆಲಸ ಮಾಡುತ್ತಿದ್ದಳು. ಅವಳ ಅಜ್ಜಿ ಎಂದೋ ನಮ್ಮ ಕಡೆಯಿಂದ ಹೋದವಳಂತೆ. ಯಾವ ಊರೆಂದು ಅವಳಿಗೆ ಗೊತ್ತಿಲ್ಲ. ಕಸಿ ಕಟ್ಟುವ ಸಂಗತಿಯನ್ನು ಸುಮ್ಮನೆ ಅವಳ ಮುಂದೆ ಆಡಿದೆ. ಅವಳು ದ್ವೀಪದಲ್ಲಿರುವ ತನ್ನ ತಾಯಿಗೆ ಹೇಳಿದಳು. ಕೆಲವು ವಾರ ಕಳೆದ ಮೇಲೆ ಉತ್ತರ ಬಂತು. ಗುಡ್ಡದ ಕಡೆಯ ಊರೊಂದರಲ್ಲಿ ‘ಮಾವಿನವನು’ ಅಂತ ಒಬ್ಬನಿದ್ದನಂತೆ, ಈಗಿನ ವಿಷಯ ತಾಯಿಗೆ ತಿಳಿಯದು. ಹುಬ್ಬಿನ ಮೇಲೆ ಗಾಯದ ಗುರುತು. ಅಲ್ಲಿ ಅವನಿಗೆ ಒಬ್ಬ ಮಗಳಿದ್ದಾಳೆ. ಅವಳ ಫೋನ್ ನಂಬರು ಸಿಕ್ಕಿದೆ.

ಹುಬ್ಬಿನ ಗಾಯದ ಮಾತು ಹೇಳಿದಾಗ ಅಕ್ಕ ತನ್ನ ಹುಬ್ಬನ್ನೇ ಮುಟ್ಟಿಕೊಂಡಳು. ಮಗಳಿದ್ದಾಳೆ ಅಂದಾಗ ಆ ಕೈಯನ್ನು ಮಡಿಲಿಗೆ ಇಳಿಸಿದಳು. ಆಮೇಲೆ, “ಆಗಿರುತ್ತೆ ಬಿಡಮ್ಮ. ಒಂಟಿ ಇರೋಕಾಗುತ್ತಾ ಅಷ್ಟು ವರ್ಷ. ಫೋನ್ ಮಾಡು” ಎಂದಳು.

ಹುಣಸೆ ಮರದ ಕೆಳಗೇ ಕೂತು ಕರೆ ಮಾಡಿದೆವು. ತೆರೆಯ ಮೇಲೆ ಶಾಲೆಯ ಉಡುಪಿನ ಹುಡುಗಿಯೊಬ್ಬಳು ಕಂಡಳು. ಅಕ್ಕ ಅವಳನ್ನು ನೋಡುತ್ತಿದ್ದಂತೆಯೇ ಉಸಿರು ಎಳೆದುಕೊಂಡಳು. ನನಗೆ ತಿಳಿಯದ ಯಾವುದೋ ಹೋಲಿಕೆ ಅವಳಿಗೆ ಸಿಕ್ಕಿರಬೇಕು. ನಾನು ಫ್ರೆಂಚಿನಲ್ಲಿ, ಇವರು ನಿಮ್ಮ ತಂದೆಯ ಊರಿನವರು, ಅವರನ್ನು ಹುಡುಕುತ್ತಿದ್ದಾರೆ ಎಂದೆ. ಹೆಂಡತಿ ಎಂದು ಹೇಳುವುದು ಬೇಡ ಅಂತ ಅಕ್ಕನೇ ಅಂದಿದ್ದಳು.

ಹುಡುಗಿ ಹೇಳಿದಳು: ಅಪ್ಪ ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಸಕ್ಕರೆ ಕಾರ್ಖಾನೆಯಲ್ಲಿ ಸುಟ್ಟ ಗಾಯವಾಗಿ ಜ್ವರ ಏರಿತ್ತು. ಅಮ್ಮ ಅದಕ್ಕೂ ಮೊದಲೇ ತೀರಿಕೊಂಡಿದ್ದಳು. ಆಸ್ಪತ್ರೆಯಲ್ಲಿ ಕೊನೆಕೊನೆಗೆ ಅವರಿಗೆ ಫ್ರೆಂಚ್ ಮರೆತೇ ಹೋಯಿತು. ತಮ್ಮದೇ ಭಾಷೆಯಲ್ಲಿ ಏನೋ ಹೇಳುತ್ತಿದ್ದರು. ಅದನ್ನು ಬಲ್ಲವರು ಅಲ್ಲಿ ಯಾರೂ ಇರಲಿಲ್ಲ.

ನಾನು ಒಂದೊಂದಾಗಿ ದಾಟಿಸಿದೆ. ಅಕ್ಕ ಅಳಲಿಲ್ಲ. ಮೊಣಕಾಲನ್ನು ಎರಡೂ ಕೈಯಲ್ಲಿ ತಬ್ಬಿ ಕೂತಿದ್ದಳು.

“ಒಂದು ಮಾತನ್ನು ಪದೇ ಪದೇ ಹೇಳುತ್ತಿದ್ದರು,” ಎಂದಳು ಹುಡುಗಿ. “ನೀಲು. ನೀಲು. ಅದು ಯಾರ ಹೆಸರು? ನಾವು ಎಲ್ಲರನ್ನೂ ಕೇಳಿದೆವು. ನೀಲು ಅನ್ನುವವರು ಯಾರೂ ಸಿಗಲಿಲ್ಲ. ಅವರನ್ನು ಕರೆತರಲಾಗಲಿಲ್ಲವಲ್ಲ ಅಂತ ನನಗೆ ಇವತ್ತಿಗೂ ಅನಿಸುತ್ತದೆ.”

ಇದನ್ನು ದಾಟಿಸಬೇಕಾದ ಅಗತ್ಯವೇ ಬರಲಿಲ್ಲ. ಆ ಮಾತು ಅಕ್ಕನ ಕಿವಿಗೆ ನೇರವಾಗಿ ಬಿದ್ದಿತ್ತು. ಅವರ ಮನೆಮಾತು ತೆಲುಗು. ನೀಳ್ಳು ಅಂದರೆ ನೀರು.

“ನೀಳ್ಳು ಕೇಳಿದ್ದಾರಮ್ಮ” ಎಂದಳು. ಧ್ವನಿ ಎಲ್ಲೋ ಒಳಗಿನಿಂದ ಬಂದಂತಿತ್ತು. “ನೀಳ್ಳು ಕೇಳಿದ್ದಾರೆ. ಯಾರೂ ಕೊಟ್ಟಿಲ್ಲ.”

ಹುಡುಗಿ ಆ ಕಡೆಯಿಂದ ನಮ್ಮ ಮುಖಗಳನ್ನೇ ನೋಡುತ್ತಿದ್ದಳು. “ಅವರು ಏನಂದರು? ಅದು ಯಾರ ಹೆಸರಂತೆ?” ಎಂದು ಕೇಳಿದಳು.

ನಾನು ಅಕ್ಕನ ಕಡೆ ತಿರುಗಿದೆ. “ಏನು ಹೇಳಲಿ ಅಕ್ಕ?”

ಅವಳು ತೆರೆಯ ಮೇಲಿನ ಆ ಮುಖವನ್ನು ನೋಡಿದಳು. “ಚಿಕ್ಕ ಹುಡುಗಿ. ಬೇಡಮ್ಮ, ಗೊತ್ತಾದ್ರೆ ಬದುಕಿರೋವರೆಗೂ ಹೊತ್ಕೊಂಡಿರ್ತಾಳೆ. ಊರಿನ ಹೆಸರು ಅಂತ ಹೇಳು. ಹುಟ್ಟಿದ ಊರನ್ನ ನೆನೆಸ್ಕೊಂಡಿದ್ದಾರೆ ಅಂತ ಹೇಳು.”

ನಾನು ಹಾಗೆಯೇ ಹೇಳಿದೆ. ಹುಡುಗಿಯ ಮುಖ ಸಡಿಲವಾಯಿತು. ಗೋರಿಯ ಮೇಲೆ ಮರದ ಶಿಲುಬೆ ಮಾತ್ರ ಇದೆ, ಮುಂದೆ ಕಲ್ಲು ಹಾಕಿಸಿದಾಗ ಅದರ ಮೇಲೆ ಆ ಊರಿನ ಹೆಸರನ್ನೂ ಕೆತ್ತಿಸುತ್ತೇನೆ ಎಂದಳು. ಇದನ್ನೂ ನಾನು ಅಕ್ಕನಿಗೆ ಹೇಳಬೇಕಾಯಿತು. ಅವಳು “ಸರಿ, ಕೆತ್ತಿಸ್ಲಿ” ಎಂದಳು. ಆಮೇಲೆ ಹುಡುಗಿಗೆ ಕೇಳುವಂತೆ, ತನಗೆ ಬರುವ ಭಾಷೆಯಲ್ಲೇ, “ಊಟ ಆಯ್ತಾ ಮಗಾ?” ಅಂದಳು. ಹುಡುಗಿಗೆ ಅರ್ಥವಾಗಲಿಲ್ಲ. ನಾನು ದಾಟಿಸುವಷ್ಟರಲ್ಲಿ ಕರೆ ಕಡಿದುಹೋಯಿತು. ಮತ್ತೆ ಮಾಡಿದರೆ ಸಿಗಲಿಲ್ಲ.

ನಾವು ಅಲ್ಲೇ ಕೂತಿದ್ದೆವು. ಬುತ್ತಿ ಬಿಚ್ಚಿರಲಿಲ್ಲ.

“ಅವರ ಭಾಷೇಲಿ ನೀಳ್ಳಿಗೆ ಏನಂತಾರೆ?” ಎಂದು ಕೇಳಿದಳು.

“ಓ.”

“ಓ ಅಂತಲೇ?”

“ಅಷ್ಟೇ ಅಕ್ಕ.”

“ಅಷ್ಟು ಚಿಕ್ಕ ಮಾತು. ಅದೂ ಬಾಯಿಗೆ ಬರ್ಲಿಲ್ವಲ್ಲ.”

ಇಷ್ಟು ವರ್ಷ ಆ ಭಾಷೆಯನ್ನು ಮಾರಿಕೊಂಡು ಬದುಕಿದ್ದೇನೆ. ದಿನವೂ ಎಷ್ಟು ಸಲ ಆ ಒಂದಕ್ಷರವನ್ನು ನ್ಯಾಯಾಧೀಶರ ಬಾಯಿಂದ ಕೇಳುತ್ತೇನೋ. ಜವಾನ ತಕ್ಷಣ ಲೋಟ ತಂದಿಡುತ್ತಾನೆ.

ಮುಂದಿನ ವಾಯಿದೆಗೆ ಹುಡುಗಿ ಹೇಳಿದ್ದನ್ನೆಲ್ಲ ನ್ಯಾಯಾಲಯದ ಮುಂದಿಟ್ಟೆವು. ದ್ವೀಪದಲ್ಲಿ ಸತ್ತವನು ಫ್ರೆಂಚ್ ಹೆಸರಿನವನು, ಇವಳು ಕೇಳುತ್ತಿರುವುದು ಬೇರೆ ಹೆಸರಿನವನನ್ನು. ಇಬ್ಬರೂ ಒಬ್ಬನೇ ಎನ್ನಲು ಆಧಾರವಿಲ್ಲ ಎಂದರು ನ್ಯಾಯಾಧೀಶರು. ಕೆಟ್ಟ ಮನುಷ್ಯರಲ್ಲ. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, ಕಾನೂನು ಹೀಗಿದೆ, ನಾನೇನು ಮಾಡಲಿ ಎಂದು ನನ್ನ ಕಡೆ ನೋಡಿದರು. ಗಂಡ ಸತ್ತಿದ್ದಾನೆಂಬ ಪತ್ರ ಅವಳಿಗೆ ಸಿಗುವುದಿಲ್ಲ. ತೋಪು ಅವಳ ಹೆಸರಿಗೆ ಆಗುವುದಿಲ್ಲ. ಸರ್ಕಾರದ ಪ್ರಕಾರ ಅವನು ಬದುಕಿದ್ದಾನೆ, ಎಲ್ಲಿದ್ದಾನೋ ತಿಳಿಯದು. ಅರ್ಜಿ ವಜಾ.

ನಾನು ಆದಷ್ಟೂ ಮೆತ್ತಗೆ ಹೇಳಿದೆ. ಎಷ್ಟು ಮೆತ್ತಗೆ ಹೇಳಿದರೂ ಅದು ಅದೇ ಆಗಿತ್ತು.

ಹೊರಗೆ ಜಗಲಿಗೆ ಬಂದ ಮೇಲೆ ಅವಳು ಕೇಳಿದಳು, “ಹಾಗಾದ್ರೆ ಅಮ್ಮ, ಕುಂಕುಮ ಇಡ್ಬೋದಾ ನಾನು? ಊರಲ್ಲಿ ತೆಗೀಬೇಕು ಅಂತಿದ್ದಾರೆ. ಇಲ್ಲಿ ನೋಡಿದ್ರೆ ಬದುಕಿದ್ದಾರೆ ಅಂತಾರೆ.”

“ನಿಮಗೆ ಏನನ್ಸುತ್ತೋ ಹಾಗೆ ಮಾಡಿ ಅಕ್ಕ.”

“ನಂಗೇನೂ ಅನ್ಸಲ್ಲ ಕಣಮ್ಮ. ಅನ್ಸೋದು ನಿಂತೋಗಿದೆ.”

ಆ ದಿನ ಹಣೆಯಲ್ಲಿ ಕುಂಕುಮ ಇತ್ತು. ಆಮೇಲೆ ಏನು ಮಾಡಿದಳೋ ಗೊತ್ತಿಲ್ಲ. ಅದರ ಮುಂದಿನ ವರ್ಷ ತೋಪನ್ನು ಗಂಡನ ಅಣ್ಣತಮ್ಮಂದಿರು ತೆಗೆದುಕೊಂಡರೆಂದೂ ಅವಳು ಎಲ್ಲೋ ಕೂಲಿಗೆ ಹೋಗುತ್ತಾಳೆಂದೂ ಮುಳಬಾಗಿಲ ಕಡೆಯಿಂದ ಬಂದ ಕಕ್ಷಿದಾರರೊಬ್ಬರು ಹೇಳಿದರು. ದ್ವೀಪದಲ್ಲಿನ ಅವನ ಮಗಳ ನಂಬರಿಗೆ ನಾನು ಹಲವು ಸಲ ಕರೆ ಮಾಡಿದೆ. ಆ ನಂಬರು ಈಗ ಬಳಕೆಯಲ್ಲಿಲ್ಲ.

ಅರ್ಜಿ ವಜಾ ಆದ ಆ ಮಧ್ಯಾಹ್ನ ಅವಳು ಸೆರಗು ಹೊದ್ದು ಮುಳಬಾಗಿಲ ಬಸ್ಸಿಗೆಂದು ಗೇಟಿನ ಕಡೆ ನಡೆದಳು. ನಾನು ಅವಳು ಮರೆಯಾಗುವವರೆಗೂ ನಿಲ್ಲಬೇಕೆಂದಿದ್ದೆ. ಅಷ್ಟರಲ್ಲಿ ಜವಾನ ಬಂದು ಒಳಗೆ ಕರೆಯುತ್ತಿದ್ದಾರೆ ಎಂದ. ಶ್ರೀನಿವಾಸಪುರದಿಂದ ಗಂಡಹೆಂಡತಿ ಇಬ್ಬರು ಬಂದು ನಿಂತಿದ್ದರು. ಮಗಳು ದ್ವೀಪಕ್ಕೆ ಹೋಗಿದ್ದಳಂತೆ. ನಾನು ಒಳಗೆ ಹೋಗಿ ಅವರ ಪಕ್ಕದಲ್ಲಿ ನಿಂತೆ.