ಬಾಡುವ ಎಲೆ, ಬಾಡದ ಕಣ

ಹಾಸನದ ಹೇಮಶ್ರೀಗೆ ಕಡಲಾಚೆಯ ಹೇವರ್ಡ್ ಊರಿನ ಗೋದಾಮುಗಳ ಸಾಲಿನಲ್ಲಿದ್ದ ಒಂದು ಪುಟ್ಟ ಕಂಪನಿಯಲ್ಲಿ ಕೆಲಸ. ಬೆಂಕಿಪೊಟ್ಟಣದಷ್ಟು ಚಿಕ್ಕ ಸೆನ್ಸರ್‌ಗಳಿಗೆ ಮಾತು ಕಲಿಸುವುದು. ಲಸಿಕೆ ತುಂಬಿದ ತಂಪುಪೆಟ್ಟಿಗೆಯೊಳಗೆ ಒಂದೊಂದು ಸೆನ್ಸರ್ ಇರುತ್ತಿತ್ತು. ಪೆಟ್ಟಿಗೆ ಗೋದಾಮಿನಿಂದ ಲಾರಿಗೆ, ಲಾರಿಯಿಂದ ಆಸ್ಪತ್ರೆಗೆ ಸಾಗುವಾಗ ದಾರಿಯ ಪ್ರತಿ ಬಾಗಿಲಲ್ಲೂ ಇಟ್ಟ ರೇಡಿಯೊಗೆ ‘ತಂಪಾಗಿದ್ದೇನೆ’ ಎಂದು ಅದು ತಂತಿಯಿಲ್ಲದೆ ಹೇಳಬೇಕು. ಕಳ್ಳ ಸೆನ್ಸರ್ ನಡುವೆ ನುಸುಳದಂತೆ ಪ್ರತಿ ಸಂದೇಶಕ್ಕೂ ಗುಟ್ಟಿನ ಮುದ್ರೆ ಒತ್ತುವ ಕ್ರಮವನ್ನು ರೂಪಿಸಿದವಳು ಅವಳೇ.

ಅದು ಎರಡು ಸಾವಿರದ ಇಸವಿ. ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಷೇರಿನ ಮಾತು. ಹೇಮಶ್ರೀ ಮಾತ್ರ ಫ್ರೀವೇಯಲ್ಲಿ ಮಿಲ್ಪಿಟಾಸ್‌ನ ಮನೆಗೆ ಮರಳುವಾಗ, ಮುಂದೆ ಹೋಗುವ ಲಾರಿಗಳನ್ನು ನೋಡಿ, ಯಾವುದರಲ್ಲಾದರೂ ತನ್ನ ಪೆಟ್ಟಿಗೆ ಇದ್ದೀತು ಎಂದು ಸುಮ್ಮನೆ ಸಂತೋಷಪಡುತ್ತಿದ್ದಳು.

ನವರಾತ್ರಿಯ ಸೋಮವಾರ ಆ ಸಂತೋಷಕ್ಕೆ ಪೆಟ್ಟು ಬಿತ್ತು. ಟೆಸ್ಟಿಂಗ್ ನೋಡಿಕೊಳ್ಳುವ ಗೌತಮ್ ಅವಳನ್ನು ಪಾರ್ಕಿಂಗ್ ಲಾಟಿಗೆ ಕರೆದೊಯ್ದ. ಅಲ್ಲಿಟ್ಟಿದ್ದ ತಂಪುಪೆಟ್ಟಿಗೆ ಬಿಸಿಲಲ್ಲಿ ಸುಡುತ್ತಿತ್ತು. ಅವನ ಕೈಯಲ್ಲಿದ್ದ ಲ್ಯಾಪ್‌ಟಾಪಿನ ಪರದೆ ಮಾತ್ರ ‘ತಂಪಾಗಿದ್ದೇನೆ’ ಎನ್ನುತ್ತ ಹಸಿರಾಗಿತ್ತು.

“ಏನ್ ಮಾಡ್ದೆ ಗೌತಮ್?”

“ಬೆಳಿಗ್ಗೆ ತಂಪಾಗಿದ್ದಾಗ ಅದು ಕಳ್ಸಿದ ಮೆಸೇಜನ್ನ ರೆಕಾರ್ಡ್ ಮಾಡ್ಕೊಂಡಿದ್ದೆ ಹೇಮಕ್ಕ. ಈಗ ಅದನ್ನೇ ವಾಪಸ್ ಬಿಟ್ಟೆ. ನಿಮ್ಮ ಸಿಸ್ಟಮ್ಮು ನಂಬ್ಬಿಡ್ತು.”

“ಮುದ್ರೆ?”

“ಮುದ್ರೆ ನಿಮ್ದೇ. ಅದಕ್ಕೇ ನಂಬಿದ್ದು.”

ಶುಕ್ರವಾರ ಆಸ್ಪತ್ರೆಯವರು ನೋಡಲು ಬರುವವರಿದ್ದರು. ಅಷ್ಟರೊಳಗೆ ಸರಿಹೋಗದಿದ್ದರೆ ಈ ಕೆಲಸವನ್ನೇ ನಿಲ್ಲಿಸುವುದಾಗಿ ಬಾಸ್ ಹೇಳಿದ. ಭಾರಿ ಲೆಕ್ಕಾಚಾರ ಹೇರೋಣವೆಂದರೆ ಸೆನ್ಸರಿನ ಪುಟ್ಟ ಬ್ಯಾಟರಿ ತಾಳುವುದಿಲ್ಲ.

ಸಂಜೆ ಹೇಮಶ್ರೀಯ ಮನೆಗೆ ಗೊಂಬೆ ನೋಡಲು ಕೆಳಗಿನ ಅಪಾರ್ಟ್‌ಮೆಂಟಿನ ಮರಿತಾಯಮ್ಮ ಬಂದರು. ಮಂಡ್ಯದವರು, ದೊಡ್ಡ ದನಿ. ಹೇಮಶ್ರೀ ಕುಂಕುಮವಿಟ್ಟು, ಎಲೆ ಅಡಿಕೆಯ ಜೊತೆ ಗಿಳಿಹಸಿರಿನ ರವಿಕೆ ಕಣವನ್ನು ಕೊಟ್ಟಳು. ಮರಿತಾಯಮ್ಮ ಕಣ ಬಿಡಿಸಿ ನೋಡಿದರು.

“ಅಯ್ಯ, ಇದು ನಂದೇ ಅಲ್ವೇನವ್ವ! ವರಮಾಲಕ್ಷ್ಮಿ ಹಬ್ಬದಲ್ಲಿ ನಾನು ಸುಗುಣಂಗೆ ಕೊಟ್ಟಿದ್ದು. ಅಂಚ್ನಲ್ಲಿ ಅರಿಶಿನದ ಕಲೆ ನೋಡು.”

ಎದುರು ಮನೆಯ ಸುಗುಣಾ ಅದನ್ನು ತನಗೆ ಕೊಟ್ಟದ್ದು ಹೇಮಶ್ರೀಗೆ ನೆನಪಾಯಿತು. ಮುಖ ಕೆಂಪಾಯಿತು.

“ನಾಚ್ಕೋಬೇಡ, ತವರಿಗೆ ಬಂತು ಅಷ್ಟೆಯ. ಹಂಗ್ ನೋಡಿದ್ರೆ ನಂಗೂ ಯಾರೋ ಕೊಟ್ಟಿದ್ದೇ ಅದು!” ಮರಿತಾಯಮ್ಮ ನಕ್ಕು ಎಲೆಯನ್ನು ಮೂಸಿದರು. “ಎಲೆ ಮಾತ್ರ ಇವತ್ತಿಂದು. ಎಲೆಯ ಯಾರೂ ದಾಟಿಸಕ್ಕಾಗಲ್ಲ, ಬಾಡೋಯ್ತದೆ.”

ಕುಂಕುಮದ ಬಟ್ಟಲು ಹಿಡಿದ ಹೇಮಶ್ರೀ ನಿಂತಲ್ಲೇ ನಿಂತಳು. ತನ್ನ ಸಂದೇಶ ಆ ಕಣದಂತೆ: ಮುದ್ರೆ ನಿಜ, ಆದರೆ ಯಾವ ದಿನದ್ದೆಂದು ಹೇಳುವುದಿಲ್ಲ. ಅದರ ಜೊತೆ ಬಾಡುವಂಥದ್ದೇನೋ ಇರಬೇಕು.

ಮರುದಿನ ಅವಳು ಗೌತಮ್‌ಗೆ ಎಲೆಯ ಕಥೆ ಹೇಳಿ, ಕ್ರಮವನ್ನು ಬದಲಿಸಿದಳು. ಪೆಟ್ಟಿಗೆ ಹತ್ತಿರ ಬಂದಾಗಲೆಲ್ಲ ಬಾಗಿಲ ರೇಡಿಯೊ ಮೊದಲು ಒಂದು ಹೊಸ ಸಂಖ್ಯೆ ಕೊಡಬೇಕು. ಸೆನ್ಸರ್ ಅದನ್ನು ತನ್ನ ಮಾತಿನೊಳಗೆ ಸೇರಿಸಿ ಮುದ್ರೆ ಒತ್ತಬೇಕು. ಉತ್ತರ ಬಂದೊಡನೆ ಆ ಸಂಖ್ಯೆ ಬಾಡಿದಂತೆ; ಇನ್ನೊಮ್ಮೆ ನಡೆಯದು. ಬ್ಯಾಟರಿಗೆ ಅದು ಹೊರೆಯೇ ಆಗಲಿಲ್ಲ.

ಶುಕ್ರವಾರ ಆಯುಧಪೂಜೆ. ಹೇಮಶ್ರೀ ರೇಡಿಯೊಗೆ ಒಂದು ಬೊಟ್ಟು ಕುಂಕುಮ ಇಟ್ಟಿದ್ದಳು. ಪೆಟ್ಟಿಗೆ ಬಿಸಿಲಲ್ಲಿತ್ತು. ಆಸ್ಪತ್ರೆಯವರ ಎದುರು ಗೌತಮ್ ಹಳೆಯ ಸಂದೇಶ ಬಿಟ್ಟ. ಪರದೆ ಕೆಂಪಾಯಿತು. ಮತ್ತೆ ಬಿಟ್ಟ, ಮತ್ತೆ ಕೆಂಪು.

“ಎಲೆ ಬಾಡೋಗಿದೆ ಹೇಮಕ್ಕ,” ಎಂದ.

ಏನೆಂದನೆಂದು ಆಸ್ಪತ್ರೆಯವರು ಕೇಳಿದರು. ಇಬ್ಬರೂ ನಕ್ಕುಬಿಟ್ಟರು. ಕೆಲಸ ಮುಂದುವರಿಯಲಿ ಎಂದು ಬಾಸ್ ತಲೆಯಾಡಿಸಿದ.

ಮನೆಗೆ ಹೋಗುವ ದಾರಿಯಲ್ಲಿ ಹೇಮಶ್ರೀ ಒಂದು ಹೊಸ ಕಣ ಕೊಂಡು ಮರಿತಾಯಮ್ಮನ ಬಾಗಿಲು ತಟ್ಟಿದಳು.

“ಒಳ್ಳೇದಾಯ್ತು ಕಣವ್ವ,” ಎಂದರು ಅವರು ಕಣವನ್ನು ಮಡಚುತ್ತ, “ದೀಪಾವಳಿಗೆ ಸುಗುಣಂಗೆ ಏನ್ ಕೊಡಾನ ಅಂತ ಯೋಚ್ನೆ ಮಾಡ್ತಿದ್ದೆ.”