ಮೊದಲೇ ಇತ್ತು ಎನ್ನುವ ಮೇಷ್ಟ್ರು

ಇಂಡೋನೇಷ್ಯಾದ ಬಾಂಡುಂಗ್‌ ಊರಿನ ಕರ್ತಿವಾ ಮೇಷ್ಟ್ರ ಪ್ರಕಾರ ಲೋಕದಲ್ಲಿ ಯಾವುದೂ ಇದ್ದಕ್ಕಿದ್ದಂತೆ ಆಗುವುದಿಲ್ಲ. ಎಳೆಯ ವಿಶ್ವದ ಸಣ್ಣಪುಟ್ಟ ಏರುಪೇರುಗಳನ್ನು ಕಂಪ್ಯೂಟರಿಗೆ ತೋರಿಸಿ, ಮುಂದೆ ಎಲ್ಲೆಲ್ಲಿ ಗೆಲಾಕ್ಸಿಗಳು ಗುಂಪುಗೂಡುತ್ತವೆಂದು ಅದರ ಬಾಯಿಂದಲೇ ಹೇಳಿಸುವುದು ಅವರ ಕಸುಬು. ಉತ್ತರ ಸರಿ ಬಂದರೂ ಬಿಡುವವರಲ್ಲ. "ಅದು ಎಲ್ಲಿ ನೋಡಿ ಹೇಳ್ತು? ಆ ಜಾಗ ತೋರಿಸಮ್ಮ," ಎಂದು ಶಿಷ್ಯೆ ರೆಸ್ತಿಯ ಬೆನ್ನು ಹತ್ತುತ್ತಾರೆ. ತಟ್ಟೆಗೆ ಬಂದ ಟೆಂಪೆ, ಅಂದರೆ ಸೋಯಾ ಕಾಳಿನ ಕರಿದ ಬಿಲ್ಲೆ, ಸೀದಿದ್ದರೆ ಅದರ ಹಣೆಬರಹ ಎಣ್ಣೆ ಕಾಯುವಾಗಲೇ ತೀರ್ಮಾನವಾಗಿತ್ತಂತೆ. ಪಕ್ಕದ ಮನೆಯವರ ಸಂಸಾರ ಮುರಿದರೆ ಮದುವೆ ದಿನದ ಫೋಟೋ ತರಿಸಿ, ಕನ್ನಡಕ ಏರಿಸಿ ಬಿರುಕಿನ ಗುರುತು ಹುಡುಕುತ್ತಾರೆ. "ಮೊದಲೇ ಇತ್ತಪ್ಪ, ನೀವು ನೋಡ್ಲಿಲ್ಲ ಅಷ್ಟೆ." ಊಟದಂಗಡಿಯ ಮುದುಕಿ, "ಕೊಡೆ ಬಿಟ್ಟು ಬಂದಿದ್ದೀರಲ್ಲ ಮೇಷ್ಟ್ರೇ, ಮಳೆ ಮಾತ್ರ ಬೆಳಿಗ್ಗೆ ಕಾಣ್ಲಿಲ್ವಾ?" ಎಂದು ಛೇಡಿಸಿದರೆ ತಾವೂ ನಗುತ್ತಾರೆ. ಆದರೆ ಊಟದ ಬಿಡುವಿನಲ್ಲಿ ಅವರು ಫೋನಿನಲ್ಲಿ ನೋಡುವುದು ಒಂದೇ ವೀಡಿಯೊ. ತೀರಿಹೋದ ಹೆಂಡತಿ ಲಿಲಿಸ್, ಕಾಯಿಲೆ ಗೊತ್ತಾಗುವುದಕ್ಕೆ ಹಿಂದಿನ ವರ್ಷ, ಬಾಳೆಹಣ್ಣು ಕರಿಯುತ್ತಾ ನಗುತ್ತಿದ್ದಾಳೆ; ನಡುವೆ ಒಮ್ಮೆ ಸೊಂಟದ ಮೇಲೆ ಕೈಯಿಟ್ಟು ಗಳಿಗೆ ಹೊತ್ತು ಸುಮ್ಮನಾಗುತ್ತಾಳೆ. ಮೇಷ್ಟ್ರು ಅಲ್ಲಿ ನಿಲ್ಲಿಸಿ, ಆ ಕೈಯನ್ನೇ ಹಿಗ್ಗಿಸಿ ನೋಡುತ್ತಾರೆ. ಒಂದು ದಿನ ರೆಸ್ತಿ ತಡೆಯಲಾರದೆ ಹೇಳಿದಳು: "ಸರ್, ಕಂಪ್ಯೂಟರಿಗೆ ನಾವು ಕೊನೆ ಏನಾಯ್ತು ಅಂತ ಗೊತ್ತಿರೋ ಸಾವಿರಾರು ವಿಶ್ವ ಕಟ್ಟಿ ತೋರಿಸಿದ್ವಿ, ಅದಕ್ಕೇ ಅದು ಕಲೀತು. ನಿಮಗೆ ಯಾರು ತೋರಿಸಿದ್ರು?" "ಹೌದಮ್ಮ, ನನಗೆ ಇದ್ದಿದ್ದು ಒಂದೇ," ಎಂದ ಮೇಷ್ಟ್ರು, ವೀಡಿಯೊವನ್ನು ಮತ್ತೆ ಮೊದಲಿಗೆ ತಂದರು.